ಬಾರಿಸದ ನಗಾರಿಯನ್ನು ಕೇಳಿದವರು

"ಗುರುಗಳೇ, ಮೂವರು ಕೂಡಿ ಒಂದು ಕೇಡನ್ನು ಬಗೆಯುತ್ತಾರೆ. ಬಗೆಯುವಾಗ ಅಲ್ಲಿ ನಾಲ್ಕನೆಯವನು ಇರುವುದಿಲ್ಲ. ಯಾರೂ ನೋಡದ, ಯಾರೂ ಕೇಳದ ಆ ಒಪ್ಪಂದವನ್ನು ನ್ಯಾಯ ಹೇಳುವವನು ಹೇಗೆ ಕಾಣಬೇಕು?"

ಹೀಗೆ ಕೇಳಿದ ಶಿಷ್ಯನು ಮರುದಿನ ಒಂದು ಸೀಮೆಯ ನ್ಯಾಯಪೀಠವನ್ನು ಏರಬೇಕಾಗಿತ್ತು. ಗುರುವು ಒಂದು ಕತೆ ಹೇಳತೊಡಗಿದನು.

ಒಂದು ಊರಿಗೆ ದೊಡ್ಡ ಕೆರೆಯಿತ್ತು. ಬೇಸಗೆಯಲ್ಲಿ ಅದರ ತೂಬನ್ನು ಮುಚ್ಚುತ್ತಿದ್ದರು. ಆಗ ತೂಬಿನ ಕೆಳಗಿನ ಕಾಲುವೆಯಲ್ಲಿ ಹಸಿರು ಹುಲ್ಲು ಉಳಿದಿರುತ್ತಿತ್ತು. ಬೆಳಗಾದರೆ ಪ್ರತಿ ಮನೆಯವರೂ ತಮ್ಮ ಕರುವನ್ನು ಅಲ್ಲಿಗೆ ಅಟ್ಟುವರು. ತೂಬನ್ನು ತೆರೆಯಬೇಕಾದ ದಿನ ಏರಿಯ ಕಾವಲುಗಾರನು ಮೊದಲು ನಗಾರಿ ಬಾರಿಸಬೇಕು. ಕಾಲುವೆಯಲ್ಲಿದ್ದ ಜನ ಮೇಲೆ ಬರುವರು, ಕರುಗಳನ್ನು ಹೊಡೆದು ತರುವರು. ಆಮೇಲೆಯೇ ನೀರಗಂಟಿಯು ತೂಬಿನ ಹಲಗೆಯನ್ನು ಎತ್ತಬೇಕು. ಅದು ಆ ಊರಿನ ಹಳೆಯ ಕಟ್ಟಳೆ.

ಆ ಊರಿನ ವರ್ತಕನೊಬ್ಬನು ವಿಧವೆಯೊಬ್ಬಳ ಹೊಲದ ಗಡಿಕಲ್ಲನ್ನು ಕಿತ್ತು ಒಳಗೆ ನೆಟ್ಟಿದ್ದನು. ಅದನ್ನು ಕಂಡವನು ಒಬ್ಬ ಕುಂಬಾರ ಮಾತ್ರ. ಕುಂಬಾರನು ಸಾಕ್ಷಿ ಹೇಳಲು ಒಪ್ಪಿದ್ದನು. ಹೇಳಬೇಕಾದ ದಿನಕ್ಕೆ ಒಂದು ದಿನ ಮೊದಲು ವರ್ತಕನು ಅವನಿಗೆ, "ನೂರಾರು ಗಡಿಗೆ ಬೇಕಾಗಿವೆ. ತೂಬಿನ ಬಾಯಿಯ ಗುಂಡಿಯಲ್ಲಿ ಒಳ್ಳೆಯ ಜೇಡಿ ಇದೆ, ಅದರಲ್ಲೇ ಮಾಡಿಕೊಡು" ಎಂದನು. ಅಂದು ಬೆಳಗ್ಗೆಯೇ ಕುಂಬಾರನು ತೂಬಿನ ಬಳಿ ಇರುತ್ತಿದ್ದ ಏಣಿಯನ್ನಿಟ್ಟು ಗುಂಡಿಗೆ ಇಳಿದನು. ಅಲ್ಲಿಯೇ ಬಟ್ಟೆ ಒಗೆಯುತ್ತಿದ್ದ ಅಗಸನು ಆ ಏಣಿಯನ್ನು ಎತ್ತಿಕೊಂಡು ಹೋದನು. ನಗಾರಿ ಬಾರಿಸಲಿಲ್ಲ. ತೂಬು ತೆರೆಯಿತು. ಕುಂಬಾರನೂ ಹಲವು ಕರುಗಳೂ ನೀರಿನ ಪಾಲಾದರು.

ಕುಂಬಾರನ ಹೆಂಡತಿ ನ್ಯಾಯಾಧಿಕಾರಿಯ ಮುಂದೆ ಬಂದು ನಿಂತಳು. ವರ್ತಕ, ಕಾವಲುಗಾರ, ನೀರಗಂಟಿ, ಅಗಸ ನಾಲ್ವರನ್ನೂ ಹಿಡಿದು ತಂದರು. ಕೊಲೆಗೆ ಅಲ್ಲಿ ತಲೆದಂಡ.

ವರ್ತಕನು, "ನಾನು ಕೇಳಿದ್ದು ಗಡಿಗೆ" ಎಂದನು. ಕಾವಲುಗಾರನು, "ನಗಾರಿಯ ಚರ್ಮ ಸಡಿಲಾಗಿತ್ತು" ಎಂದನು. ನೀರಗಂಟಿಯು, "ಗದ್ದೆಯವರು ನೀರು ಕೇಳಿದ್ದರು. ಎತ್ತುವುದು ನನ್ನ ಕೆಲಸ, ಬಾರಿಸುವುದು ನನ್ನ ಕೆಲಸವಲ್ಲ" ಎಂದನು. ಅಗಸನು, "ಬಟ್ಟೆಯ ಹಗ್ಗ ಕಟ್ಟಲು ದಿನವೂ ಏಣಿ ಒಯ್ಯುತ್ತೇನೆ, ಬುದ್ಧಿ. ನಗಾರಿ ಕೇಳಿಸಿದ್ದರೆ ಓಡಿ ಬಂದು ಇಡುತ್ತಿದ್ದೆ" ಎಂದು ಅತ್ತನು.

ಅಳುವವನನ್ನು ಕಂಡು ಸಭೆಯಲ್ಲಿ ಯಾರೋ, "ಏಣಿ ಎತ್ತಿದವನಿಗೇ ಅಳು ಜಾಸ್ತಿ" ಎಂದು ನಕ್ಕರು. ನಾಲ್ಕು ಕೆಲಸಗಳು ಎದುರಿಗಿದ್ದವು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕೊಲೆಯಾಗಿರಲಿಲ್ಲ. ನಾಲ್ವರೂ ಒಂದೆಡೆ ಕುಳಿತು ಮಾತಾಡಿದ್ದನ್ನು ಕಂಡವರಿರಲಿಲ್ಲ.

ನ್ಯಾಯಾಧಿಕಾರಿಯು ಒಂದೇ ಪ್ರಶ್ನೆಯನ್ನು ನಾಲ್ವರಿಗೂ ಕೇಳಿದನು.

"ಆ ಬೆಳಗ್ಗೆ ನಿಮ್ಮ ಕರು ಎಲ್ಲಿತ್ತು?"

"ಅದಕ್ಕೆ ಭೇದಿಯಾಗಿತ್ತು, ಕೊಟ್ಟಿಗೆಯಲ್ಲೇ ಕಟ್ಟಿದ್ದೆ" ಎಂದನು ವರ್ತಕ. "ಹಿಂದಿನ ಸಂಜೆ ಅಕ್ಕನ ಮನೆಗೆ ಕಳಿಸಿದ್ದೆ" ಎಂದನು ಕಾವಲುಗಾರ. "ಅಂದು ಯಾಕೋ ಹಟ ಹಿಡಿದು ನಿಂತಿತು, ಸ್ವಾಮಿ. ನಾನೂ ಬಿಟ್ಟುಬಿಟ್ಟೆ" ಎಂದನು ನೀರಗಂಟಿ.

ಅಗಸನು ತಲೆಯೆತ್ತಲಿಲ್ಲ. "ನನಗೆಲ್ಲಿಯ ಕರು, ಬುದ್ಧಿ? ಒಂದು ಕತ್ತೆಮರಿಯಿತ್ತು. ಕಾಲುವೆಯೊಳಗೆ ಹೊಂಗೆಯ ಬೇರಿಗೆ ಕಟ್ಟಿದ್ದೆ. ಆಮೇಲೆ ಸಿಕ್ಕಿದ್ದು ಹಗ್ಗ ಮಾತ್ರ."

ಸಭೆಯಲ್ಲಿ ನಕ್ಕವರು ನೆಲ ನೋಡಿದರು.

ನ್ಯಾಯಾಧಿಕಾರಿಯು ಹೇಳಿದನು: "ಬೇಸಗೆಯುದ್ದಕ್ಕೂ ಒಂದು ದಿನವೂ ತಪ್ಪದ ಕರುಗಳು ಮೂರೂ ಅದೊಂದು ಬೆಳಗ್ಗೆ ತಪ್ಪಿದವು. ಕರುಗಳು ಮಾತಾಡಿಕೊಳ್ಳುವುದಿಲ್ಲ. ಬಾರಿಸದ ನಗಾರಿ ಈ ಮೂರು ಮನೆಗಳಿಗೆ ಮೊದಲೇ ಕೇಳಿಸಿತ್ತು. ಕೇಳಿದ ಮೂವರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಮಾಡಿದರು. ಒಬ್ಬನು ಗುಂಡಿಗೆ ಇಳಿಸಿದನು, ಒಬ್ಬನು ಬಾರಿಸದೆ ಉಳಿದನು, ಒಬ್ಬನು ಹಲಗೆ ಎತ್ತಿದನು. ಹಲಗೆಯ ಮೇಲಿದ್ದುದು ಮೂವರ ಕೈ. ಅಗಸನು ಏಣಿ ಎತ್ತಿದ್ದು ನಿಜ. ಆದರೆ ಬರುವ ನೀರಿನ ದಾರಿಯಲ್ಲಿ ಯಾರೂ ತಮ್ಮ ಮರಿಯನ್ನು ಕಟ್ಟುವುದಿಲ್ಲ."

ಆಗ, ಯಾರ ಕಣ್ಣಿಗೂ ಬೀಳದಿದ್ದ ಆ ಒಪ್ಪಂದವು ಮೈ ತಳೆದು ಸಭೆಯ ನಡುವೆ ಬಂದು ನಿಂತಂತಾಯಿತು. ವಾದಿಸಲು ಎದ್ದಿದ್ದ ವರ್ತಕನು ಕುಳಿತನು. ಕುಂಬಾರನ ಹೆಂಡತಿ, ದೇವರ ಬಾಗಿಲು ತೆರೆದಾಗ ಮುಗಿಯುವಂತೆ, ಅರಿವಿಲ್ಲದೆ ಕೈ ಮುಗಿದಳು. ಮೂವರಿಗೂ ಒಂದೇ ದಂಡವಾಯಿತು. ಅಗಸನು ಮನೆಗೆ ಹೋದನು.

ಕತೆ ಅಲ್ಲಿಗೆ ನಿಂತಿತು. ಶಿಷ್ಯನ ಮೈ ನವಿರೆದ್ದಿತ್ತು. ಆದರೂ ಗುರುವು ಎದ್ದಿರಲಿಲ್ಲ.

"ಇನ್ನೊಂದು ಉಳಿದಿದೆ" ಎಂದನು ಗುರು. "ನೀರು ಒಯ್ದ ಕರುಗಳೆಲ್ಲ ಬೇರೆ ಬೀದಿಗಳವು. ವರ್ತಕನ ಬೀದಿಯಲ್ಲಿ ಒಂದು ಕರುವೂ ಸಾಯಲಿಲ್ಲ. ಅಧಿಕಾರಿಗೆ ಅದೂ ತಿಳಿದಿತ್ತು."

"ಹಾಗಾದರೆ ಇಡೀ ಬೀದಿಗೆ ಗೊತ್ತಿತ್ತೇ? ಅವರಿಗೂ ದಂಡವಾಗಬೇಕಿತ್ತಲ್ಲವೇ, ಗುರುಗಳೇ?"

"ಅವರು ಕೈ ಜೋಡಿಸಿರಲಿಲ್ಲ. ಬರಿದೆ ತಿಳಿದಿರುವುದು ಕೂಡಿಕೊಂಡಂತಾಗದು. ಕರುವನ್ನು ಮನೆಯಲ್ಲಿ ಕಟ್ಟಿದ್ದಕ್ಕೆ ಯಾರ ತಲೆಯನ್ನೂ ತೆಗೆಯಲಾಗದು. ಅಧಿಕಾರಿಯು ಅವರನ್ನು ಬಿಟ್ಟನು. ಬಿಟ್ಟದ್ದು ಸರಿ."

ಶಿಷ್ಯನಿಗೆ ತಡೆಯಲಾಗಲಿಲ್ಲ. "ಒಬ್ಬರಾದರೂ ಏರಿಯ ಮೇಲೆ ನಿಂತು ಒಂದು ಕೂಗು ಹಾಕಿದ್ದರೆ ಕುಂಬಾರ ಬದುಕುತ್ತಿದ್ದ. ತಮ್ಮ ಕರುವನ್ನು ಮಾತ್ರ ಕಟ್ಟಿಕೊಂಡು ಸುಮ್ಮನೆ ಕುಳಿತರಲ್ಲ, ಎಂಥ ಜನ ಅವರು?"

ಗುರುವು ಅವನ ಮುಖವನ್ನೇ ನೋಡಿ, ಮೆಲ್ಲಗೆ ಕೇಳಿದನು: "ನೀನು ಆ ಬೀದಿಯವನಾಗಿದ್ದರೆ, ಮಗು, ಆ ಬೆಳಗ್ಗೆ ನಿನ್ನ ಕರು ಎಲ್ಲಿರುತ್ತಿತ್ತು?"