ಕಾತ್ಯಾಯಿನಿಯ ಬಾಯಿ ತುಂಬ ನೀರು

ತುಂಗಭದ್ರೆಯ ದಡದ ಒಂದು ಆಶ್ರಮ. ಅದರೊಳಗೊಂದು ಪುಟ್ಟ ಕಾಲೇಜು. ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು ಗಂಗಾಧರಯ್ಯ ಮೇಷ್ಟ್ರು.

ಅವರ ತರಗತಿಯಲ್ಲಿ ಒಂದು ಪದ್ಧತಿಯಿತ್ತು. ಅರ್ಥವಾಗದವರು ಮೊದಲು ಅರ್ಥವಾದವರನ್ನು ಕೇಳಬೇಕು. ಮೇಷ್ಟ್ರ ಹತ್ತಿರ ಬರುವುದು ಆಮೇಲೆ.

ಅರ್ಥವಾದವರು ಎಂದರೆ ಕಾತ್ಯಾಯಿನಿ. ಬುದ್ಧಿ ಚುರುಕು, ಮನಸ್ಸು ಒಳ್ಳೆಯದು, ಬಾಯಿಗೆ ಮಾತ್ರ ಬಿಡುವಿಲ್ಲ. ಯಾರಾದರೂ ಪ್ರಶ್ನೆ ಕೇಳಿ ಮುಗಿಸುವುದರೊಳಗೆ ಅವಳ ಉತ್ತರ ಮುಗಿದಿರುತ್ತಿತ್ತು.

ಅರ್ಥವಾಗದವಳು ಅವಳ ಗೆಳತಿ ಹಾಲಮ್ಮ. ಮೊದಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ನಾಳೆ ಬೆಳಿಗ್ಗೆ ಮರುಪರೀಕ್ಷೆ. ಅದೂ ಕೈಕೊಟ್ಟರೆ ಓದು ಬಿಟ್ಟು ಊರಿಗೆ ಬಾ ಎಂದು ಅಣ್ಣ ಹೇಳಿಕಳಿಸಿದ್ದ.

ಕಾತ್ಯಾಯಿನಿ ವಾರವಿಡೀ ಹೇಳಿಕೊಟ್ಟಳು. ಊಟದ ಸಾಲಿನಲ್ಲಿ ಹೇಳಿದಳು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದಳು. ಪ್ರತಿ ಸಲವೂ ಹಾಲಮ್ಮ, "ತಿಳೀತು ಕಣೇ" ಎಂದಳು.

ಆ ಸಂಜೆ ಹಾಲಮ್ಮ ಒಬ್ಬಳೇ ನದಿಯ ಮೆಟ್ಟಿಲ ಮೇಲೆ ಒಂದು ಸಮೀಕರಣ ಸರಿದೂಗಿಸಲು ಕೂತಾಗ, ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟಳು.

ಕಾತ್ಯಾಯಿನಿ ಅದನ್ನು ಕಂಡಳು. ಮೇಷ್ಟ್ರ ಹತ್ತಿರ ಓಡಿದಳು.

"ಮೇಷ್ಟ್ರೇ, ಅವಳ ತಲೆಗೆ ಏನೂ ಹತ್ತುತ್ತಿಲ್ಲ. ನೀವೇ ಹೇಳಿಕೊಡಿ. ಅವಳು ಊರಿಗೆ ಹೊರಟುಹೋದರೆ ನಾನಿಲ್ಲಿ ಹೆಂಗಿರಲಿ?"

"ನೀನು ಹೆಂಗೆ ಹೇಳಿಕೊಟ್ಟೆ?"

"ಒಂದಕ್ಷರ ಬಿಡದಂಗೆ ಹೇಳಿದೀನಿ. ತಪ್ಪು ಮಾಡೋಕೇ ಬಿಟ್ಟಿಲ್ಲ. ಅವಳ ಬಳಪ ಅತ್ತಿತ್ತ ಹೋಗ್ತಿದ್ದಂಗೇನೇ ಅಳಿಸಿಬಿಡ್ತೀನಿ."

"ಓಹೋ," ಎಂದರು ಮೇಷ್ಟ್ರು. ಎದ್ದು ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟರು.

"ನನಗೇನು ಬಾಯಾರಿಲ್ಲ ಮೇಷ್ಟ್ರೇ."

"ಕುಡಿಯೋಕಲ್ಲ. ಬಾಯಿ ತುಂಬ ತುಂಬಿಕೋ. ನುಂಗಬಾರದು, ಉಗುಳಬಾರದು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೋಗಿ ಅವಳ ಪಕ್ಕ ಕೂತ್ಕೋ."

ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೋ ಏನೋ ಅವಳಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಬಾಯಿ ಆಗಲೇ ತುಂಬಿತ್ತು.

ಮೇಷ್ಟ್ರೂ ಹಿಂದೆಯೇ ಬಂದರು. "ಹಾಲಮ್ಮ, ಹೈಡ್ರೋಜನ್ನು ಆಕ್ಸಿಜನ್ನು ಸೇರಿ ನೀರಾಗೋದನ್ನ ಬರಿ. ಎರಡೂ ಕಡೆ ಲೆಕ್ಕ ಸರಿಹೋಗಬೇಕು," ಎಂದು ಹೇಳಿ, ಮೆಟ್ಟಿಲ ಮೇಲೆ ದೂರ ಕೂತು ನದಿ ನೋಡತೊಡಗಿದರು.

ಹಾಲಮ್ಮ ಬರೆದಳು. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ನೀರಿನಲ್ಲಿ ಒಂದೇ ಒಂದು. ಅವಳು ಗೆಳತಿಯ ಮುಖ ನೋಡಿದಳು. ಮುಖ ಉಬ್ಬಿಕೊಂಡಿತ್ತೇ ಹೊರತು ಏನನ್ನೂ ಹೇಳಲಿಲ್ಲ.

ಸ್ವಲ್ಪ ಹೊತ್ತು ಕಾದಳು. ಆಮೇಲೆ ನೀರಿನ ಸೂತ್ರದೊಳಗೆ, ಆಕ್ಸಿಜನ್ನಿನ ಕಾಲಡಿ, ಒಂದು ಎರಡನ್ನು ಬರೆದುಬಿಟ್ಟಳು.

ಕಾತ್ಯಾಯಿನಿಯ ಜೀವ ಚಡಪಡಿಸಿತು. ಎಲ್ಲರೂ ಮಾಡುವ ತಪ್ಪು ಅದು! ಬೆನ್ನ ಹಿಂದಿನ ಬೆರಳುಗಳು ಒಂದನ್ನೊಂದು ಹಿಸುಕಿಕೊಂಡವು. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಮೊದಲೇ ಇತ್ತು.

"ಈಗ ಎರಡೂ ಕಡೆ ಎರಡೆರಡಾಯ್ತು," ಎಂದಳು ಹಾಲಮ್ಮ. ಯಾರೂ ಹೌದೆನ್ನಲಿಲ್ಲ, ಯಾರೂ ಅಲ್ಲವೆನ್ನಲಿಲ್ಲ.

ಅವಳು ತಾನು ಬರೆದದ್ದನ್ನು ಮತ್ತೆ ನೋಡಿದಳು. ಅದನ್ನು ಬರೆದ ಮೇಲೆ ನೋಡಲು ಅವಳಿಗೆ ಸಮಯ ಸಿಕ್ಕಿದ್ದು ಅದೇ ಮೊದಲು.

"ಇದನ್ನ ಎಲ್ಲೋ ನೋಡಿದೀನಲ್ಲ," ಎಂದು ಗೊಣಗಿದಳು. "ಹ್ಞಾ, ಔಷಧಿ ಪೆಟ್ಟಿಗೆ ಬಾಟಲಿ ಮೇಲೆ. ಮಂಡಿ ತರಚಿದಾಗ ಹಾಕಿದ್ರಲ್ಲ, ಬುಸುಬುಸು ನೊರೆ ಬಂದಿದ್ದು. ಅದು ಇದೇ, ಪೆರಾಕ್ಸೈಡು."

ಕಾತ್ಯಾಯಿನಿಯ ಉಬ್ಬಿದ ಕೆನ್ನೆಗಳನ್ನು ದಿಟ್ಟಿಸಿ ನೋಡಿದಳು.

"ನಿನ್ನ ಬಾಯೊಳಗಿರೋದು ಇದಲ್ಲ ಕಣೇ! ಇದಾಗಿದ್ರೆ ಇಷ್ಟು ಹೊತ್ತಿಗೆ ನೊರೆ ಕಾರ್ತಿದ್ದೆ!"

ಸರಕ್ಕನೆ ಆ ಎರಡನ್ನು ಅಳಿಸಿದಳು. "ನೀರನ್ನ ನೀರಾಗೇ ಬಿಡಬೇಕು. ಸಾಲದಿದ್ರೆ ಇನ್ನೊಂದು ನೀರು ಇಟ್ಕೋಬೇಕು, ಅಷ್ಟೇ." ನೀರಿನ ಮುಂದೆ ಎರಡು ಬರೆದಳು. ಆಗ ಬಲಗಡೆ ಹೈಡ್ರೋಜನ್ ಹೆಚ್ಚಾಯಿತು. ಹೆದರಲಿಲ್ಲ. ಎಡಗಡೆ ಹೈಡ್ರೋಜನ್ನಿನ ಮುಂದೆಯೂ ಒಂದು ಎರಡನ್ನಿಟ್ಟಳು.

ಎಣಿಸಿದಳು. ಸರಿಯಾಗಿತ್ತು.

ಕಾತ್ಯಾಯಿನಿಗೆ ನಗು ತಡೆಯಲಾಗಲಿಲ್ಲ. ಬಾಯೊಳಗಿನ ನೀರೆಲ್ಲ ಫುಸ್ಸೆಂದು ಸ್ಲೇಟಿನ ಮೇಲೆ ಚಿಮ್ಮಿ, ಬರೆದದ್ದೆಲ್ಲ ಅಳಿಸಿಹೋಯಿತು.

"ಅಯ್ಯೋ!" ಎಂದಳು ಕಾತ್ಯಾಯಿನಿ.

"ಹೋಗ್ಲಿ ಬಿಡು," ಎಂದು ಹಾಲಮ್ಮ ಸ್ಲೇಟನ್ನು ಲಂಗಕ್ಕೆ ಒರೆಸಿ, ಮೊದಲಿನಿಂದ ಮತ್ತೆ ಬರೆದಳು.

ಮರುದಿನ ಬೆಳಿಗ್ಗೆ ಪರೀಕ್ಷೆ ನಡೆಯುವಷ್ಟು ಹೊತ್ತೂ ಕಾತ್ಯಾಯಿನಿ ಕೋಣೆಯ ಹೊರಗೆ ಉಗುರು ಕಚ್ಚುತ್ತ ಅಡ್ಡಾಡಿದಳು. ಮಧ್ಯಾಹ್ನ ಫಲಿತಾಂಶ ಹೇಳಿದರು. ಹಾಲಮ್ಮ ಪಾಸಾಗಿದ್ದಳು. ಗೆಳತಿಯರಿಬ್ಬರೂ ತಬ್ಬಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ಅಣ್ಣನಿಗೆ ವಿಷಯ ತಿಳಿಸಲು ಹಾಲಮ್ಮ ಆಫೀಸಿನ ಫೋನಿನ ಕಡೆ ಓಡಿದಳು.

ಕಾತ್ಯಾಯಿನಿ ಮೇಷ್ಟ್ರ ಪಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಬದುಕಿದೆ ಮೇಷ್ಟ್ರೇ. ಪರೀಕ್ಷೆ ಕೋಣೇಲಿ ಅವಳ ಪಕ್ಕ ನಾನಿಲ್ವಲ್ಲ ಅಂತ ಎಷ್ಟು ಹೆದರಿಕೊಂಡಿದ್ದೆ ಗೊತ್ತಾ?"

ಮೇಷ್ಟ್ರು ನದಿಯಿಂದ ಕಣ್ಣು ತೆಗೆಯಲಿಲ್ಲ.

"ನಾನು ಹೆದರಿದ್ದು ನೀನು ಅವಳ ಪಕ್ಕ ಇದ್ದಾಗ."