ಗುದ್ದಿನಹಟ್ಟಿಯ ನೀರುದಾರಿ

ಕಾಡು ಮುಗಿದು ಹೊಲ ಇನ್ನೂ ಶುರುವಾಗದ ಜಾಗವೊಂದಿರುತ್ತದಲ್ಲ ಮಕ್ಕಳೇ, ಅತ್ತ ಕಾಡೂ ಅಲ್ಲ ಇತ್ತ ಊರೂ ಅಲ್ಲ, ಅಂಥ ಕಡೆ ಗುದ್ದಿನಹಟ್ಟಿ ಎಂಬ ಪ್ರಾಣಿಗಳ ಊರಿತ್ತು. ಮೇಲ್ಗಡೆ ಒಂದು ಕೆರೆ, ಕೆಳಗಡೆ ಒಂದು ಕೆರೆ. ನಡುವಿನ ಇಳಿಜಾರಿನಲ್ಲಿ ಹೆಗ್ಗಣ, ಇಲಿ, ಮುಳ್ಳುಹಂದಿಗಳು ನೆಲದಲ್ಲಿ ಗುದ್ದು ತೋಡಿಕೊಂಡು ಸಂಸಾರ ಹೂಡಿದ್ದವು.

ಊರಿನ ಯಜಮಾನ ಮಣ್ಣಪ್ಪ ಎಂಬ ಹೆಗ್ಗಣ. ಬಲು ಒಳ್ಳೆಯವನು, ಅದೇ ತೊಂದರೆ. ಯಾರು ಏನು ಕೇಳಿದರೂ "ಆಗಲ್ಲ" ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಹೂಂ ಅಂದ ಕೂಡಲೇ ಕೇಳಿದವರ ಮುಖ ಅರಳುತ್ತದಲ್ಲ, ಅದನ್ನು ನೋಡುವುದೆಂದರೆ ಅವನಿಗೆ ಹಸಿ ಕಡಲೆಕಾಯಿ ತಿಂದಷ್ಟು ಖುಷಿ.

ಆ ಊರಿಗೊಂದು ಕಟ್ಟಳೆಯಿತ್ತು. ಪ್ರತಿ ವರ್ಷ ಮುಂಗಾರಿಗೆ ಮೊದಲು ಕಲ್ಲಜ್ಜ ಎಂಬ ಮುದಿ ಆಮೆ ಮೇಲಿನ ಕೆರೆಯಿಂದ ಕೆಳಗಿನ ಕೆರೆಯವರೆಗೆ ನಡೆಯಬೇಕು. ಕಲ್ಲಜ್ಜನಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಹೊಟ್ಟೆಯನ್ನು ನೆಲಕ್ಕೊತ್ತಿ, ಅಡಿಯಲ್ಲಿ ಏನನ್ನೋ ಕೇಳಿಸಿಕೊಳ್ಳುತ್ತ ಅವನು ನಡೆಯುತ್ತಿದ್ದ. ಅವನು ನಡೆದಲ್ಲೆಲ್ಲ ಎಡಕ್ಕೂ ಬಲಕ್ಕೂ ಹತ್ತು ಬಾಲದಷ್ಟು ಅಗಲ ಯಾರೂ ಗುದ್ದು ತೋಡುವಂತಿಲ್ಲ. ಅದಕ್ಕೆ ನೀರುದಾರಿ ಎಂದು ಹೆಸರು.

ಆದರೆ ಮೂರು ವರ್ಷದಿಂದ ಮಳೆ ಸರಿಯಾಗಿ ಬಿದ್ದಿರಲಿಲ್ಲ. ನೀರುದಾರಿಯಲ್ಲಿ ನೀರಿನ ಸುಳಿವೇ ಇರಲಿಲ್ಲ. ಅದೇ ಹೊತ್ತಿಗೆ ಆಚೆ ಕಾಡಿನಲ್ಲಿ ಮೇವು ತೀರಿ, ದಿನಕ್ಕೊಂದು ಸಂಸಾರ ಗಂಟುಮೂಟೆ ಕಟ್ಟಿಕೊಂಡು ಗುದ್ದಿನಹಟ್ಟಿಗೆ ಬರತೊಡಗಿತು. ಒಂದು ದಿನ ಸುಂಡಿಲಿಯೊಂದು ನಾಲ್ಕು ಮರಿಗಳಿಗೆ ಒಂದರ ಬಾಲ ಇನ್ನೊಂದು ಕಚ್ಚುವಂತೆ ಸಾಲು ಹಿಡಿಸಿಕೊಂಡು ಬಂದು ನಿಂತಿತು.

"ಯಜಮಾನರೇ, ಆ ಖಾಲಿ ಪಟ್ಟಿ ಯಾರದು?"

"ಅದು ನೀರಿನದಮ್ಮ."

"ನೀರೆಲ್ಲಿದೆ?"

ಮಣ್ಣಪ್ಪ ತಿರುಗಿ ನೋಡಿದ. ಒಣಗಿದ ಮಣ್ಣು, ಎರಡು ಎಕ್ಕದ ಗಿಡ, ಅಷ್ಟೇ. ಮರಿಗಳು ಬಿಸಿಲಿಗೆ ಬಾಡಿದ್ದವು. "ಸರಿ, ಅಲ್ಲೇ ಒಂದು ಮೂಲೆಯಲ್ಲಿ ತೋಡಿಕೋ" ಅಂದುಬಿಟ್ಟ. ಸುಂಡಿಲಿ ಕಣ್ಣೊರೆಸಿಕೊಂಡು ಕೈಮುಗಿಯಿತು. ಅದರ ಹೆಸರೇನೆಂದು ಕೇಳುವುದು ಅವನಿಗೆ ಮರೆತೇಹೋಯಿತು.

ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನುವುದು ಹೇಗೆ? ತಿಂಗಳೊಪ್ಪತ್ತಿನಲ್ಲಿ ನೀರುದಾರಿಯ ತುಂಬ ಗುದ್ದುಗಳು ಎದ್ದವು. ಕೊನೆಗೆ ಮಣ್ಣಪ್ಪನ ಮಗಳು ನವಣಿ, ತುಂಬು ಬಸುರಿ, ಮುಖ ಊದಿಸಿಕೊಂಡು ಬಂದಳು. "ಊರವರಿಗೆಲ್ಲ ಕೊಟ್ಟೆ. ಹೆತ್ತ ಮಗಳಿಗೆ ಇಲ್ಲವಾ ಅಪ್ಪ?" ಅವಳಿಗೂ ನಟ್ಟನಡುವೆ ಜಾಗ ಸಿಕ್ಕಿತು. ಮಗಳಿರುವ ಪಟ್ಟಿಯಲ್ಲೇ ಇರೋಣವೆಂದು ಮಣ್ಣಪ್ಪನೂ ಕೆಳಗಿನ ಕೆರೆಯ ಬಾಯಲ್ಲಿ ಏಳು ಕೋಣೆಯ ಮನೆ ತೋಡಿದ. ಅಗೆದು ಎಸೆದ ಮಣ್ಣು ಗುಡ್ಡೆಯಾಗಿ ನೀರುದಾರಿಯ ಕೊನೆಯನ್ನು ಪೂರ್ತಿ ಮುಚ್ಚಿತು. ಅಲ್ಲೇ ನಿಂತು ಅವನು ಊರನ್ನು ನೋಡಿ ಹೆಮ್ಮೆಯಿಂದ ಮೀಸೆ ತಿರುವಿದ.

ಮುಂಗಾರು ಹತ್ತಿರ ಬಂತು. ಕಲ್ಲಜ್ಜ ನಡೆಯುವ ದಿನವೂ ಬಂತು. ಈಗೇನು ಮಾಡುವುದು? ಕಟ್ಟಳೆ ಬಿಡುವಂತಿಲ್ಲ, ದಾರಿಯಲ್ಲಿ ಜಾಗವಿಲ್ಲ. ಮಣ್ಣಪ್ಪ ಒಂದು ಉಪಾಯ ಹೂಡಿದ. ಮುಳ್ಳುಹಂದಿಗಳನ್ನು ಎರಡು ಸಾಲಾಗಿ ನಿಲ್ಲಿಸಿ, ಅವುಗಳ ನಡುವೆ ಕಲ್ಲಜ್ಜನನ್ನು ಬಿಟ್ಟ. ಅಜ್ಜ ಹಳೆಯ ದಾರಿಯತ್ತ ಹೊರಳಿದಾಗಲೆಲ್ಲ ಮುಖಕ್ಕೆ ಮುಳ್ಳು ಚುಚ್ಚುತ್ತಿತ್ತು. ಹಾಗೆ ಚುಚ್ಚಿಸಿಕೊಳ್ಳುತ್ತ ಚುಚ್ಚಿಸಿಕೊಳ್ಳುತ್ತ ಅವನು ಊರಾಚೆಯ ಕಲ್ಲುದಿಬ್ಬ ಹತ್ತಿದ.

"ನೋಡಿ, ನೀರುದಾರಿ ಇನ್ನು ಮೇಲೆ ಇದೇ" ಎಂದು ಮಣ್ಣಪ್ಪ ಸಾರಿದ. ಎಲ್ಲರೂ ಹೌದೆಂದರು.

ಕಲ್ಲಜ್ಜ ಬಂಡೆಗೆ ಹೊಟ್ಟೆಯಾನಿಸಿ ಅಡಿಯ ಸದ್ದಿಗೆ ಕಿವಿಗೊಟ್ಟ. ಆಮೇಲೆ, "ಇಲ್ಲಿ ಯಾರೂ ನಡೆಯುತ್ತಿಲ್ಲವಲ್ಲೋ ಮಣ್ಣಪ್ಪ" ಎಂದ.

ಮರುದಿನ ನಡುಮಧ್ಯಾಹ್ನ ನವಣಿ ಬೆದರಿಕೊಂಡು ಅಪ್ಪನನ್ನು ಕರೆದಳು. ಅವಳು ಐದು ಮರಿ ಹಾಕಿ ಮೂರು ದಿನವಾಗಿತ್ತಷ್ಟೇ. ಕಲ್ಲಜ್ಜ ಅವಳ ಬಾಗಿಲಿಗೆ ತಲೆಯೊತ್ತಿಕೊಂಡು ಕಲ್ಲಿನಂತೆ ನಿಂತಿದ್ದ. ಅವನು ದಿಬ್ಬ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಮಣ್ಣಪ್ಪ ಅವನನ್ನು ನೂಕಿಸಿ ದಿಬ್ಬಕ್ಕೆ ಬಿಟ್ಟುಬಂದ. ಬಿಸಿಲು ಇಳಿಯುವ ಮೊದಲೇ ಅಜ್ಜ ಮತ್ತೆ ಅದೇ ಬಾಗಿಲಲ್ಲಿದ್ದ. ಮೂರನೆಯ ಸಲವೂ ಹಾಗೇ ಆಯಿತು.

"ಅಪ್ಪ, ಒಳಗೆ ಬಾ. ಈ ಗೋಡೆಗೆ ಕಿವಿಗೊಡು" ಎಂದಳು ನವಣಿ.

ಮಣ್ಣಪ್ಪ ಕಿವಿಯಿಟ್ಟ. ಗೋಡೆಯೊಳಗೆ ಯಾರೋ ಗುಟುಕು ಗುಟುಕಾಗಿ ಏನನ್ನೋ ಕುಡಿಯುತ್ತಿದ್ದರು. ನಿಲ್ಲಿಸಿ, ಉಸಿರೆಳೆದುಕೊಂಡು, ಮತ್ತೆ ಕುಡಿಯುತ್ತಿದ್ದರು. ಅವನ ಬೆನ್ನ ಕೂದಲು ನೆಟ್ಟಗಾಯಿತು.

"ಗಾಳಿ ಇರಬೇಕು" ಎಂದ.

"ಗಾಳಿ ವಟಗುಟ್ಟುತ್ತದಾ?" ಎಂದಳು ನವಣಿ. ನಿಜವೇ. ಕಾಲಡಿಯ ನೆಲದೊಳಗಿನಿಂದ ಕಪ್ಪೆಯೊಂದು ಕೂಗುತ್ತಿತ್ತು. ಆ ಗುದ್ದಿನಲ್ಲಿ ಕಪ್ಪೆಯೇ ಇರಲಿಲ್ಲ.

ಹೊರಗೆ ಬಂದರೆ ಇನ್ನೊಂದು ಸೋಜಿಗ. ಇರುವೆಗಳು ಬಾಯಲ್ಲಿ ಮೊಟ್ಟೆ ಕಚ್ಚಿಕೊಂಡು ಊರು ಬಿಟ್ಟು ದಿಬ್ಬದ ಕಡೆ ಹೋಗುತ್ತಿದ್ದವು. ಸಾವಿರಾರು ಇರುವೆಗಳು, ಒಂದು ಸಣ್ಣ ಸದ್ದೂ ಇಲ್ಲ. ಸುಂಡಿಲಿ ತನ್ನ ಹೊಸಿಲಲ್ಲಿ ನಿಂತು ನೋಡುತ್ತಿತ್ತು.

"ಯಜಮಾನರೇ, ನಾವೂ ಹೋಗಬೇಕಾ?" ಎಂದು ಕೇಳಿತು.

ಹೋಗಿ ಎಂದರೆ ತಾನು ತಪ್ಪು ಮಾಡಿದೆನೆಂದು ಒಪ್ಪಿದಂತೆ. ಕೊಟ್ಟದ್ದನ್ನು ಕಿತ್ತುಕೊಂಡಂತೆ. ಆ ಮುಖ ಬಾಡುವುದನ್ನು ಮಣ್ಣಪ್ಪ ನೋಡಲಾರ. "ಛೇ, ಆರಾಮಾಗಿರಮ್ಮ, ನಾನಿಲ್ಲವಾ?" ಎಂದು ನಕ್ಕ. ಆದರೆ ಮನೆಗೆ ಹೋಗುವಾಗ ಅವನ ಕಾಲುಗಳು ತಣ್ಣಗಾಗಿದ್ದವು. ಬಗ್ಗಿ ನೋಡಿದ. ಅಷ್ಟು ಬಿಸಿಲಿನಲ್ಲೂ ನೆಲ ಬೆವರಿತ್ತು.

ಮೂರನೆಯ ದಿನ ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ದೂರದ ಬೆಟ್ಟದಲ್ಲಿ ಹಿಂದಿನ ದಿನವೆಲ್ಲ ಮಳೆ ಸುರಿದದ್ದು ಗುದ್ದಿನಹಟ್ಟಿಗೆ ಗೊತ್ತಿರಲಿಲ್ಲ. ಮೇಲಿನ ಕೆರೆ ಸದ್ದಿಲ್ಲದೆ ತುಂಬಿ, ಸದ್ದಿಲ್ಲದೆ ತುಳುಕಿತು. ನೀರು ನುಗ್ಗಿ ಬರಲಿಲ್ಲ ಮಕ್ಕಳೇ. ಗುದ್ದಿನೊಳಗೇ, ಮಲಗಿದ್ದವರ ಕೆಳಗೇ, ನೆಲದಿಂದ ಎದ್ದು ಬಂತು. ಮೊದಲು ಪಾದ, ಆಮೇಲೆ ಮಂಡಿ, ಆಮೇಲೆ ಹೊಟ್ಟೆ. ಹೊರಗೆ ಹೊಳೆಯುವ ಬಿಸಿಲು, ಒಳಗೆ ಕಪ್ಪು ನೀರು.

ಮಣ್ಣಪ್ಪ ಎದ್ದೆನೋ ಬಿದ್ದೆನೋ ಎಂದು ಮಗಳ ಮನೆಗೆ ಓಡಿದ. ನೀರು ಕೆಳಗೆ ಹೋಗಲು ದಾರಿಯಿಲ್ಲದೆ ಅಲ್ಲಲ್ಲೇ ಏರುತ್ತಿತ್ತು. ನವಣಿ ಕುತ್ತಿಗೆ ಮಟ್ಟದ ನೀರಿನಲ್ಲಿ ನಿಂತು, ಒಂದೊಂದೇ ಮರಿಯನ್ನು ಕಚ್ಚಿ ತಂದು ಬಾಗಿಲಲ್ಲಿದ್ದ ಕಲ್ಲಜ್ಜನ ಬೆನ್ನಿಗೇರಿಸುತ್ತಿದ್ದಳು. ನಾಲ್ಕು ಏರಿದ್ದವು. ಐದನೆಯದು ಇನ್ನೂ ಒಳಗಿತ್ತು.

ಆಗ ಕಲ್ಲಜ್ಜ ಬಾಯಿಬಿಟ್ಟ. "ಕೆಳಗೆ ಯಾರೋ ಬಾಯಿ ಕಟ್ಟಿದ್ದಾರೆ. ಬಿಚ್ಚಲು ಹೇಳು."

ಯಾರೋ ಅಲ್ಲ, ತಾನೇ. ಮಣ್ಣಪ್ಪ ತನ್ನ ಏಳು ಕೋಣೆಯ ಮನೆಗೆ ಹಾರಿ, ಉಗುರು ಕಿತ್ತು ಬರುವಂತೆ ಅದನ್ನು ಅಗೆದ. ಒಂದು ಕೋಣೆ ಕುಸಿಯಿತು, ಎರಡು ಕುಸಿಯಿತು. ಏಳನೆಯದರ ಗೋಡೆ ಒಡೆದಾಗ ನೀರು ಅವನನ್ನೂ ಮಣ್ಣಗುಡ್ಡೆಯನ್ನೂ ಎತ್ತಿ ಕೆಳಗಿನ ಕೆರೆಗೆ ಎಸೆದು ಹೋಯಿತು.

ಅವನು ಈಜಿ ದಡ ಸೇರಿ ಬರುವಷ್ಟರಲ್ಲಿ ನೀರು ತಗ್ಗಿ, ಒಳಗಿದ್ದ ಮರಿಯೂ ಸಿಕ್ಕಿ, ನವಣಿ ದಿಬ್ಬದ ಮೇಲೆ ಕೂತು ಐದು ಮರಿಗಳನ್ನೂ ನೆಕ್ಕುತ್ತಿದ್ದಳು. ಅವನಿಗೆ ಅಳು ಬಂತು. ಆಮೇಲೆ ಒಬ್ಬೊಬ್ಬರನ್ನೇ ಹುಡುಕಿದ. ಎಲ್ಲರೂ ಸಿಕ್ಕಿದರು, ಸುಂಡಿಲಿ ಮತ್ತು ಅದರ ನಾಲ್ಕು ಮರಿಗಳು ಮಾತ್ರ ಸಿಗಲಿಲ್ಲ. ಕೂಗಿ ಕರೆಯೋಣವೆಂದು ಬಾಯಿ ತೆರೆದ. ಏನೆಂದು ಕರೆಯುವುದು? ಹೆಸರೇ ಗೊತ್ತಿರಲಿಲ್ಲ. ಹೂಂ ಎಂದು ಅವರನ್ನು ಅಲ್ಲಿ ಕೂರಿಸಿದ್ದು ತಾನೇ, ಆರಾಮಾಗಿರಿ ಎಂದದ್ದೂ ತಾನೇ.

ಹದಿನೈದು ದಿನ ಕಳೆಯಿತು. ನೀರು ಇಳಿದು, ಗುದ್ದುಗಳಿದ್ದ ಗುರುತೂ ಉಳಿಯದಂತೆ ಹೊಸ ಮಣ್ಣು ಕೂತಿತ್ತು. ಹೆಗ್ಗಣದ ಉಗುರಿಗೆ ಅದಕ್ಕಿಂತ ಹಿತವಾದ ಮಣ್ಣಿಲ್ಲ. ದಿಬ್ಬದ ಕಲ್ಲಿನ ಮೇಲೆ ಮಲಗಿ ಸಾಕಾಗಿದ್ದ ನವಣಿ ಅಪ್ಪನ ಪಕ್ಕ ಬಂದು ಕೂತಳು.

"ಅಪ್ಪ, ಮರಿಗಳಿಗೆ ಈ ಕಲ್ಲು ಒತ್ತುತ್ತದೆ. ಕೆಳಗಿನ ಮಣ್ಣು ಎಷ್ಟು ಮೆತ್ತಗಿದೆ ನೋಡು. ನೀರೂ ಇಲ್ಲ. ಅಲ್ಲೇ ಒಂದು ಅಂಚಿನಲ್ಲಿ, ಚಿಕ್ಕದಾಗಿ ತೋಡಿಕೊಳ್ಳಲಾ?"

ಮಣ್ಣಪ್ಪ ಮಗಳ ಮುಖ ನೋಡಿದ. ಐದು ಮರಿಗಳನ್ನೂ ನೋಡಿದ. ಕೆಳಗೆ ಖಾಲಿ ಪಟ್ಟಿ ಬಿಸಿಲಿನಲ್ಲಿ ಸುಮ್ಮನೆ ಮಲಗಿತ್ತು. ಅದರ ಅಡಿಯಿಂದ ಯಾರೋ ಗುಟುಕು ಗುಟುಕಾಗಿ ಕುಡಿಯುವ ಸದ್ದು ದಿಬ್ಬದವರೆಗೂ ಕೇಳುತ್ತಿತ್ತು.

"ಆಗಲ್ಲ ಮಗಳೇ" ಎಂದ.

ನವಣಿಯ ಮುಖ ಬಾಡಿತು. ಮಣ್ಣಪ್ಪ ಆ ಮುಖವನ್ನು ನೋಡುತ್ತಲೇ ಕೂತಿದ್ದ, ಮಾತು ಬದಲಿಸಲಿಲ್ಲ.

ನೀತಿ: ಊರು ಬೆಳೆಯುವಾಗ ನೀರಿನ ಜಾಗವನ್ನು ನೀರಿಗೇ ಬಿಡಬೇಕು, ಎಲ್ಲರಿಗೂ ಹೂಂ ಎನ್ನುವ ಯಜಮಾನ ಯಾರನ್ನೂ ಕಾಯಲಾರ.