ಮುದ್ದಯ್ಯನ ಹಲಗೆಹಾಸು

"ಕೇಳಿ, ಹಲಗೆಪಟ್ಟಣದ ಸಮಸ್ತ ಪ್ರಜೆಗಳೇ ಕೇಳಿ. ಗುಂಡಿನಾಟದಲ್ಲಿ ಮೋಸ ಮಾಡಿ, ಹೊರರಾಜ್ಯದಿಂದ ಬಂದ ರಾಜನ ಎದುರು ಮಹಾರಾಜ ಕೆಂಪರಸರು ಸೋಲುವಂತೆ ಮಾಡಿದ ಮುದ್ದಯ್ಯನಿಗೆ ಹುಣ್ಣಿಮೆಯ ದಿನ ತಲೆದಂಡ. ಅದಕ್ಕೂ ಮೊದಲು ರಾಜಕುಮಾರಿ ಚೆಲುವಾಂಬೆಯವರು ಮೂರು ಒಗಟು ಹೇಳುತ್ತಾರೆ. ಬಿಡಿಸಿದವರು ಕೇಳಿದ್ದನ್ನು ಪಡೆಯುತ್ತಾರೆ. ತಪ್ಪಿದವರು ಮುದ್ದಯ್ಯನ ಪಕ್ಕದಲ್ಲೇ ತಲೆಯೊಡ್ಡಬೇಕು."

ಇಷ್ಟು ಸಾರಿ ಡಂಗುರದವನು ಮುಂದಿನ ಬೀದಿಗೆ ಹೋದ. ಮಗಳ ಹಟಕ್ಕೆ ಮಣಿದು ಒಗಟಿಗೆ ಒಪ್ಪಿದ್ದ ರಾಜ, ತಲೆಯೊಡ್ಡುವ ಮಾತನ್ನು ಮಾತ್ರ ತಾನೇ ಸೇರಿಸಿದ್ದ. ರಾಜರಿಗೆ ಸೋಲು ಜೀರ್ಣವಾಗುವುದು ನಿಧಾನ.

ಆ ಊರಿನ ಆಟವೇ ಹಾಗಿತ್ತು. ಮಂಟಪದೊಳಗೆ ಅರವತ್ತು ಅಡಿ ಉದ್ದದ ಹಲಗೆಹಾಸು. ಕೊನೆಯಲ್ಲಿ ಹತ್ತು ಮರದ ಗೂಟ. ಗುಂಡನ್ನು ಉರುಳಿಸಿ ಗೂಟ ಕೆಡವಬೇಕು. ಆ ಹಲಗೆಗಳಿಗೆ ದಿನವೂ ಎಣ್ಣೆ ಸವರುತ್ತಿದ್ದವನು ಮುದುಕ ಮುದ್ದಯ್ಯ. ಆದರೆ ಎಣ್ಣೆ ಎದುರಾದರೆ ಅಪಶಕುನ ಎಂದು ನಂಬಿದ್ದ ಅರಮನೆಯವರು, ಆ ಮಂಟಪದಲ್ಲಿ ಅದರ ಹೆಸರನ್ನೇ ಎತ್ತಬಾರದೆಂದು ಕಟ್ಟಳೆ ಮಾಡಿದ್ದರು. ಮೂವತ್ತು ವರ್ಷ ಮುದ್ದಯ್ಯ ಅಲ್ಲಿ ತುಟಿ ಬಿಚ್ಚಿರಲಿಲ್ಲ.

ಡಂಗುರ ಕೇಳಿದ ಗಾಣದ ಸಣ್ಣೀರ ಕೆಲಸ ನಿಲ್ಲಿಸಿದ. ಅಪ್ಪ ತೀರಿಕೊಂಡ ವರ್ಷವೇ ಅವನ ಗಾಣದ ಎತ್ತೂ ಸತ್ತಿತ್ತು. ಆಗ ಮುದ್ದಯ್ಯ ಬಂದು, ಒಂದು ತಿಂಗಳು ನೊಗಕ್ಕೆ ತನ್ನ ಹೆಗಲನ್ನೇ ಕೊಟ್ಟು ಗಾಣ ಸುತ್ತಿದ್ದ. ನೆಂಟರು ಯಾರೂ ಅತ್ತ ತಲೆ ಹಾಕಿರಲಿಲ್ಲ.

"ಆ ಹೆಗಲಿನ ಮೇಲಿನ ತಲೆ ಹೋಗೋಕೆ ನಾನು ಬಿಡಲ್ಲ ಕಣವ್ವ," ಎಂದ ತಾಯಿಗೆ.

"ಹೋಗಪ್ಪ," ಎಂದಳು ತಾಯಿ. "ಅವನು ಸುತ್ತಿದ ಗಾಣದ ಅನ್ನ ನಾವಿಬ್ಬರೂ ಉಂಡಿದೀವಿ."

ಮಂಟಪದಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬರು ಆಸ್ಥಾನದ ಶಾಸ್ತ್ರಿಗಳು, ಇನ್ನೊಬ್ಬ ಸೇನಾಪತಿಯ ಮಗ ವೀರರಾಜ. ಸಾಕ್ಷಿಗೆಂದು ಮುದ್ದಯ್ಯನನ್ನೂ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದರು.

ಚೆಲುವಾಂಬೆ ಮೊದಲ ಒಗಟು ಹೇಳಿದಳು. "ಬೆಳಿಗ್ಗೆ ಚಿಂದಿಯಿಂದ ಬರುತ್ತದೆ, ಸಂಜೆ ಚಿಂದಿಗೇ ಹೋಗುತ್ತದೆ. ಮುಕ್ಕಾಲು ದಾರಿ ಕೈಹಿಡಿದು ನಡೆಸಿ ಆಮೇಲೆ ಕೈಬಿಡುತ್ತದೆ. ಕೈಬಿಟ್ಟ ಮೇಲೇ ನಡೆಯುವವನಿಗೆ ತಿರುಗುವ ಬುದ್ಧಿ ಬರುತ್ತದೆ. ಯಾವುದು?"

"ಗುರು," ಎಂದರು ಶಾಸ್ತ್ರಿಗಳು, ಗಡ್ಡ ನೀವಿಕೊಂಡು.

"ಸಂಜೆ ಚಿಂದಿಯಲ್ಲಿ ಒರೆಸಿಹಾಕುವ ಗುರುವನ್ನು ನಾನು ಕಂಡಿಲ್ಲ ಶಾಸ್ತ್ರಿಗಳೇ," ಎಂದಳು ಅವಳು ಬೇಸರದಿಂದ. ಭಟರು ಅವರನ್ನು ಎಳೆದೊಯ್ದರು.

ಒಂದೊಂದೇ ಒಗಟು ಕೇಳುವುದು ವೀರರಾಜನಿಗೆ ಹಿಡಿಸಲಿಲ್ಲ. ಎರಡನೆಯದನ್ನೂ ಹೇಳಿ ಎಂದ.

"ಅದೇ ಆಟಗಾರ, ಅದೇ ಗುಂಡು, ಅದೇ ತೋಳು. ಬೇಸಿಗೆಯಲ್ಲಿ ಗೆದ್ದ, ಮಾಗಿಯಲ್ಲಿ ಸೋತ. ಅವನು ಬದಲಾಗಲಿಲ್ಲ, ಸೋತದ್ದೂ ಅದಕ್ಕೇ. ಬದಲಾದದ್ದು ಏನು?"

"ಮೋಸ. ಎರಡಕ್ಕೂ ಉತ್ತರ ಮೋಸವೇ," ಎಂದು ವೀರರಾಜ ರಾಜನ ಕಡೆ ನೋಡಿದ. ರಾಜ ತಲೆದೂಗಿದ. ಮಗಳು ತಲೆಯಾಡಿಸಿ ತಪ್ಪೆಂದಳು. ವೀರರಾಜನೂ ಸೆರೆಗೆ ಹೋದ.

ಸಣ್ಣೀರ ಮುಂದೆ ಬಂದ. ಕಟ್ಟಿಹಾಕಿದ್ದ ಮುದುಕ ಬೇಡವೆಂದು ತಲೆಯಲ್ಲಾಡಿಸಿದ.

"ಎರಡಕ್ಕೂ ಉತ್ತರ ಒಂದೇ, ಬುದ್ಧಿ. ಎಣ್ಣೆ," ಎಂದ ರಾಜನಿಗೆ ಕೈಮುಗಿದು.

ಮಂಟಪದಲ್ಲಿ ಎಲ್ಲರೂ ಕಿವಿ ಮುಚ್ಚಿಕೊಂಡರು. ಚೆಲುವಾಂಬೆ ಮಾತ್ರ ತುಂಬ ದಿನದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟಳು.

"ಬಿಡಿಸಿ ಹೇಳು," ಎಂದಳು.

"ಚಿಂದೀಲಿ ಸವರ್ತಾರೆ, ಚಿಂದೀಲೇ ಒರೆಸ್ತಾರೆ. ಎಣ್ಣೆ ಇರೋ ಮುಕ್ಕಾಲು ದಾರಿ ಗುಂಡು ನೇರ ಜಾರತ್ತೆ, ಕೊನೇಲಿ ಒಣಹಲಗೆ ಸಿಕ್ಕಾಗ ಹಿಡಿತ ಬಂದು ತಿರುಗತ್ತೆ. ಬೇಸಿಗೇಲಿ ಸವರೋದು ಹರಳೆಣ್ಣೆ. ಮಾಗಿ ಚಳೀಗೆ ಅದು ಅಂಟಂಟಾಗತ್ತೆ, ಅದಕ್ಕೇ ಅಯ್ಯ ನನ್ನ ಹತ್ರ ಎಳ್ಳೆಣ್ಣೆ ತಗೊಂಡು ಹೋದ. ಅದು ತೆಳು. ನಾಕು ಗುಂಡು ಉರುಳಿದ್ರೆ ಹಾಸು ಒಣಗತ್ತೆ, ಗುಂಡು ಬೇಗ ತಿರುಗತ್ತೆ. ಹೊರಗಿನಿಂದ ಬಂದ ರಾಜ ಎರಡು ಗುಂಡು ನೋಡಿ ಜಾಗ ಬದಲಿಸಿದ. ನೀವು ಹಳೇ ಜಾಗದಲ್ಲೇ ನಿಂತ್ರಿ, ಬುದ್ಧಿ," ಎಂದ ಸಣ್ಣೀರ ರಾಜನ ಕಡೆ ತಿರುಗಿ.

ಕೆಂಪರಸನ ಮುಖ ಕೆಂಪಾಯಿತು.

ಚೆಲುವಾಂಬೆ ಬಾಯಿ ಕಟ್ಟಿದ ಮೂರು ಗಡಿಗೆ ತರಿಸಿದಳು. "ಇದು ಕೊನೆಯದು. ಒಂದರಲ್ಲಿರುವುದು ಮಂದ, ಒಂದರಲ್ಲಿ ತೆಳು, ಇನ್ನೊಂದರಲ್ಲಿ ಎರಡರ ನಡುವಿನದು. ಆಟಕ್ಕೆ ನ್ಯಾಯವಾದದ್ದು ಯಾವುದು?"

ಸಣ್ಣೀರ ಗಡಿಗೆಗಳನ್ನು ಮುಟ್ಟಲಿಲ್ಲ. ಕಂಬದ ಹತ್ತಿರ ಮೂಕನಾಗಿ ನಿಂತಿದ್ದ ಮುದುಕನ ಮೇಲೆ ಅವನ ಕಣ್ಣು ಬಿತ್ತು.

"ಮೂರೂ ಅಲ್ಲ ಅಮ್ಮಾವ್ರೇ. ಮಂದ ಒಬ್ಬನಿಗೆ ಒಗ್ಗತ್ತೆ, ತೆಳು ಇನ್ನೊಬ್ಬನಿಗೆ. ಆಟಕ್ಕೆ ಮುಂಚೆ ಎಲ್ಲರಿಗೂ ಹೆಸರು ಹೇಳಿ ಸವರಿದ್ದೇ ನ್ಯಾಯದ ಎಣ್ಣೆ. ಅಯ್ಯಂಗೆ ಅದನ್ನ ಹೇಳೋಕೆ ಬಾಯಿ ಇರಲಿಲ್ಲ."

"ಮೂರೂ ಸರಿ," ಎಂದಳು ಚೆಲುವಾಂಬೆ. ಅವಳ ಕಣ್ಣು ತುಂಬಿತ್ತು.

"ನಿನಗೆ ಗೊತ್ತಿದ್ದರೆ ಹೇಳಬಾರದಿತ್ತೇ ಮಗಳೇ?" ಎಂದ ರಾಜ.

"ಹೊರಗೆ ಹೇಳಿದರೆ ನೀವು ಕೇಳಲಿಲ್ಲ ಅಪ್ಪಾಜಿ. ಇಲ್ಲಿ ಹೇಳಲು ಕಟ್ಟಳೆ ಬಿಡಲಿಲ್ಲ. ನನಗೆ ಗುಂಡು ಹಿಡಿಯಲು ಕಲಿಸಿದವನು ಮುದ್ದಯ್ಯ. ಒಂದೂ ಮಾತಾಡದೆ, ಬೆರಳು ಹಿಡಿದು ಕಲಿಸಿದ."

ರಾಜ ಸಣ್ಣೀರನನ್ನು ಕೇಳಿದ, "ಏನು ಬೇಕು? ಅರ್ಧ ರಾಜ್ಯವನ್ನೇ ಕೇಳಬಹುದು."

"ಮುದ್ದಯ್ಯ ಬೇಕು ಬುದ್ಧಿ. ಆ ಇಬ್ಬರನ್ನೂ ಬಿಟ್ಬಿಡಿ, ಪಾಪ."

ಕೇಳಿದ್ದೆಲ್ಲ ಸಿಕ್ಕಿತು. ಕೇಳದಿದ್ದ ಒಳ್ಳೆಯ ಎತ್ತೂ ಒಂದು ಸಿಕ್ಕಿತು. ಹಗ್ಗ ಬಿಚ್ಚಿದ ಕೂಡಲೆ ಸಣ್ಣೀರ ಮುದುಕನ ಕಾಲಿಗೆ ಬಿದ್ದ. ಮುದ್ದಯ್ಯ ಅವನ ಬೆನ್ನು ಸವರಿ ಎಬ್ಬಿಸಿ, ಗೋಡೆಗೆ ಒರಗಿಸಿದ್ದ ತನ್ನ ಚಿಂದಿ ಕಟ್ಟಿದ ಕೋಲನ್ನು ತೆಗೆದುಕೊಂಡ. ಒಂದು ಗಡಿಗೆಯ ಬಾಯಿ ಬಿಚ್ಚಿ ಹಲಗೆಹಾಸನ್ನು ಸವರಿದ. ನಾಲ್ಕು ಗುಂಡು ಉರುಳಿಸಿ, ಬಗ್ಗಿ ಹಲಗೆ ಮುಟ್ಟಿ ನೋಡಿದ. ಅವನು ಮುಗಿಸುವವರೆಗೂ ರಾಜ ಕೈಕಟ್ಟಿ ಕಾದ.

"ಇವತ್ತು ಯಾವುದು, ಮುದ್ದಯ್ಯ?"

ಮೂವತ್ತು ವರ್ಷ ಸುಮ್ಮನಿದ್ದ ಗಂಟಲು ಬಿಟ್ಟುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಎಳ್ಳೆಣ್ಣೆ, ಬುದ್ಧಿ," ಎಂದ ಮುದ್ದಯ್ಯ. "ಒಂದು ಹೆಜ್ಜೆ ಎಡಕ್ಕೆ ನಿಂತ್ಕೊಳಿ."

ಕೆಂಪರಸ ಒಂದು ಹೆಜ್ಜೆ ಎಡಕ್ಕೆ ಸರಿದು, ಮುದುಕನಿಗೆ ಕೈಮುಗಿದು, ಗುಂಡು ಉರುಳಿಸಿದ.